ಮೂರು ಪದರದ ನೋಟಿಸು

ಮಸ್ಕತ್ತಿನ ರೂವಿಯಲ್ಲಿ ಕೂತಿದ್ದ ನನಗೆ ಊರಿನ ಗ್ರಾಮಸಭೆಯ ನೋಟಿಸು ವಾಟ್ಸಾಪಿನಲ್ಲಿ ಬಂತು. ಸಭೆ ಮಂಗಳವಾರ, ನೋಟಿಸು ಬಂದದ್ದು ಗುರುವಾರ. ತಮ್ಮನಿಗೆ ಫೋನು ಹಚ್ಚಿದೆ.

‘ಪಂಚಾಯ್ತಿ ಬೋರ್ಡಿಗೆ ಮೊದಲೇ ಅಂಟಿಸಿದ್ರಂತೆ ಅಣ್ಣ. ಅದರ ಮೇಲೆ ನರೇಗಾ ಪಟ್ಟಿ, ಅದರ ಮೇಲೆ ಶಾಮಿಯಾನದವನ ಜಾಹೀರಾತು. ಮೂರು ಪದರ ಕೆರೆದ್ರೆ ಸಿಗುತ್ತೆ.’

ಹಾಗಾದರೆ ಅದು ನೋಟಿಸಲ್ಲ, ಶಾಸನ. ಓದಲು ಪುರಾತತ್ವ ಇಲಾಖೆಯವರೇ ಬರಬೇಕು.

ಕಾನೂನಿಗೇನೂ ಬರವಿಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಇನ್ನೂ ಉದಾರಿ: ಮಂಡಳಿ, ಸಮಿತಿಗಳ ಸಭೆಗೆ ಸಾರ್ವಜನಿಕರು ಬರಬಹುದೇ, ನಡಾವಳಿ ಅವರ ಕೈಗೆ ಸಿಗುತ್ತದೆಯೇ ಎಂಬುದನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು ಎನ್ನುತ್ತದೆ. ಅಂದರೆ ಬಾಗಿಲು ಸದಾ ತೆರೆದಿದೆ. ಬಾಗಿಲು ಯಾವ ಗೋಡೆಗಿದೆ ಎಂಬುದಷ್ಟೇ ಗುಟ್ಟು.

ಇಲ್ಲಿ ಒಮಾನಿನಲ್ಲಿ ಹಳ್ಳಿಗಳ ಜೀವನಾಡಿ ಫಲಜ್, ಬೆಟ್ಟದ ಬುಡದಿಂದ ಖರ್ಜೂರದ ತೋಟಕ್ಕೆ ಹರಿಯುವ ಕಾಲುವೆ. ಇಂಥ ಐದು ಫಲಜ್‌ಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಹಿಂದಿನಿಂದಲೂ ಹಗಲು ನೆರಳುಗಡಿಯಾರ ನೋಡಿ, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಹಾಕುತ್ತಿದ್ದರು. ಬಯಲಲ್ಲಿ ನೆಟ್ಟ ಕೋಲು, ನೆಲದ ಮೇಲೆ ನೆರಳು. ಅಕ್ಷರ ಬಾರದವನೂ ತನ್ನ ಸರದಿಯನ್ನು ತಾನೇ ಓದಿಕೊಳ್ಳಬಹುದಿತ್ತು. ನೆರಳಿನ ಮೇಲೆ ಯಾವ ಶಾಮಿಯಾನದವನೂ ಜಾಹೀರಾತು ಅಂಟಿಸಲಾರ.

ಹಾಗೆಂದು ಇಲ್ಲಿ ಎಲ್ಲವೂ ನನ್ನ ಕಣ್ಣಿಗೆ ಬೀಳುತ್ತದೆ ಎಂದೇನಲ್ಲ. 2022ರ ಡಿಸೆಂಬರ್ 25ರಂದು ಒಮಾನಿಗಳು ಮೊಬೈಲ್ ಆ್ಯಪಿನಲ್ಲೇ ಮತ ಹಾಕಿ ಪುರಸಭಾ ಮಂಡಳಿಗಳನ್ನು ಆರಿಸಿಕೊಂಡರು. ಹೊರದೇಶದವನಾದ ನನಗೆ ಮತವೂ ಇಲ್ಲ, ನೋಟಿಸಿನ ಹಂಬಲವೂ ಇಲ್ಲ. ಹಕ್ಕು ಇಲ್ಲದವನಿಗೆ ನೋಟಿಸು ಬಾರದಿರುವುದು ವ್ಯವಹಾರ. ಹಕ್ಕು ಇದ್ದವನಿಗೆ ಎರಡು ದಿನ ತಡವಾಗಿ ಬರುವುದೇ ನಿಜವಾದ ಕಲೆ.

ನಮ್ಮೂರು ಆ ಕಲೆಯಲ್ಲಿ ಪಳಗಿದೆ. ನೋಟಿಸು ಹಿಡಿದು ಮನೆಮನೆಗೆ ಬರಲು ಆಳಿಲ್ಲ. ಸಭೆಯ ಮಾರನೇ ದಿನ ಹಾಜರಿ ಪುಸ್ತಕ ಹಿಡಿದು ಸಹಿಗೆ ಬರಲು ಆಳಿದ್ದಾನೆ. ಡಂಗೂರ ಸಾರುತ್ತಿದ್ದ ಕಾಲದಲ್ಲಿ ತಮಟೆಯಾದರೂ ಕಿವಿಗೆ ಬೀಳುತ್ತಿತ್ತು. ಈಗ ನೋಟಿಸು ಜನರಿಗೆ ತಿಳಿಯಲೆಂದು ಹೊರಡುವುದಿಲ್ಲ, ತಿಳಿಸಿದ್ದೇವೆ ಎಂದು ಕಡತದಲ್ಲಿ ಮಲಗಲು ಹೊರಡುತ್ತದೆ.

‘ಹೋಗಲಿ, ಕೋರಂ ಆಯ್ತೇನೋ?’ ಎಂದು ತಮ್ಮನನ್ನು ಕೇಳಿದೆ.

‘ಆಗದೆ ಏನಣ್ಣ? ಸರಿಯಾಗಿ ನೂರು. ಎಪ್ಪತ್ತಮೂರನೇದು ನಿನ್ನ ಸಹಿ.’

ನೋಟಿಸು ನನ್ನನ್ನು ಮುಟ್ಟಲು ಅರಬ್ಬಿ ಸಮುದ್ರ ದಾಟಬೇಕಿತ್ತು, ತಡವಾಯಿತು. ಸಹಿ ಪಾಪ, ವೀಸಾ ಇಲ್ಲದೆಯೇ ಸಮಯಕ್ಕೆ ಸರಿಯಾಗಿ ಊರು ಸೇರಿದೆ.