ಶ್ರೀಮಾನ್ ಕಾಂಟ್ಯಾಕ್ಟ್ ಲೆನ್ಸ್ ಅವರ ಸನ್ನಿಧಾನಕ್ಕೆ, ಕೊಟ್ಟೂರಿನಿಂದ

ಪರಮ ಗೌರವಾನ್ವಿತರಾದ ಕಾಂಟ್ಯಾಕ್ಟ್ ಲೆನ್ಸ್ ಮಹನೀಯರಿಗೆ, ವಿಜಯನಗರ ಜಿಲ್ಲೆ ಕೊಟ್ಟೂರಿನ ಒಬ್ಬ ಹೈಸ್ಕೂಲು ಮೇಷ್ಟ್ರು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ. ತಮ್ಮ ಕೀರ್ತಿ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಆಗಾಗ ನಮ್ಮ ಕಿವಿಗೂ ಬೀಳುತ್ತಿರುತ್ತದೆ.

ತಾವು ನಮ್ಮ ಸೀಮೆಗೆ ಕಾಲಿಟ್ಟೇ ಇಲ್ಲ ಎಂದರೆ ಸುಳ್ಳಾದೀತು. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಮದುವೆ ಫೋಟೊಗಳಲ್ಲಿ ಬೂದು, ನೀಲಿ, ಜೇನಿನ ಬಣ್ಣದಲ್ಲಿ ದರ್ಶನ ಕೊಡುತ್ತೀರಿ. ಪವರ್ ಇಲ್ಲದ, ಬರೀ ಬಣ್ಣದ ಅವತಾರ. ಕಣ್ಣಿನ ಅಳತೆ ತೆಗೆಯದೆ, ಕೈ ತೊಳೆದುಕೊಳ್ಳಿ ಎಂದೂ ಹೇಳದೆ ತಮ್ಮನ್ನು ಮಾರಿದ್ದನ್ನು ನಾನೇ ಕಂಡಿದ್ದೇನೆ. ಅಂಗಡಿಯ ಹೆಸರು ಬೇಡ. ಅಮೆರಿಕದಲ್ಲಿ 2005ರಿಂದ ಬಣ್ಣದ ಲೆನ್ಸಿಗೂ ವೈದ್ಯರ ಚೀಟಿ ಬೇಕು. ಇಲ್ಲಿ ಒಂದೇ ಜೊತೆಯನ್ನು ಅಕ್ಕತಂಗಿಯರು ಹಂಚಿಕೊಳ್ಳುತ್ತಾರೆ, ನಲ್ಲಿ ನೀರಲ್ಲಿ ಅದ್ದಿಡುತ್ತಾರೆ. ಆ ನೀರಿನಲ್ಲಿರಬಹುದಾದ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಔಷಧಿ ಬಿಡಬೇಕು; ಆಮೇಲೂ ದೃಷ್ಟಿ ಉಳಿದೀತೆಂಬ ಖಾತ್ರಿಯಿಲ್ಲ. ಸೌಂದರ್ಯ ದಯಪಾಲಿಸಿದ್ದಕ್ಕೆ ಋಣಿಗಳು. ಜೊತೆಗೆ ನಾಲ್ಕು ಎಚ್ಚರದ ಮಾತನ್ನೂ ಕಳಿಸಿದ್ದರೆ ಇನ್ನೂ ಋಣಿಗಳಾಗುತ್ತಿದ್ದೆವು.

ಅಪ್ಪಣೆಯಾದರೆ ನನ್ನ ತರಗತಿಯ ವಿಚಾರಕ್ಕೆ ಬರುತ್ತೇನೆ. ನಮ್ಮದು ಬಿಸಿಲು ಮತ್ತು ಧೂಳಿನ ನಾಡು. ಕೂಡ್ಲಿಗಿಯ ಶೇಂಗಾ ಹೊಲದಿಂದ ಹರಪನಹಳ್ಳಿಯ ಮೆಕ್ಕೆಜೋಳದ ಕಣದವರೆಗೆ ಗಾಳಿ ಬರಿಗೈಲಿ ಬೀಸುವುದಿಲ್ಲ. ಬೇಸಿಗೆ ಬಂತೆಂದರೆ ಕೆಲವು ಹುಡುಗರ ಕಣ್ಣು ಕೆಂಪಾಗಿ, ದಾರದಂಥ ಪಿಸುರು ಕಟ್ಟಿ, ತುರಿಕೆ ಶುರುವಾಗುತ್ತದೆ. ಉಜ್ಜುತ್ತಾರೆ, ವರ್ಷಗಟ್ಟಲೆ ಉಜ್ಜುತ್ತಾರೆ. ಹೀಗೆ ಉಜ್ಜುವವರಲ್ಲಿ ಕೆರಟೋಕೋನಸ್ ಬರುವ ಅಪಾಯ ಹೆಚ್ಚು: ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗಿ ಉಬ್ಬುತ್ತದೆ. ಬೋರ್ಡಿನ ಮೇಲಿನ ಒಂದು ಅಕ್ಷರ ಮೂರಾಗಿ, ಬಾಲ ಬೆಳೆಸಿಕೊಂಡು ಕಾಣುತ್ತದೆ. ಶಾಲೆಗೆ ಬಂದು ಕಣ್ಣು ನೋಡುವವರು ಪುಕ್ಕಟೆ ಕನ್ನಡಕ ಕೊಡುತ್ತಾರೆ. ಅವರ ಹೊಟ್ಟೆ ತಣ್ಣಗಿರಲಿ. ಆದರೆ ಕಾರ್ನಿಯಾದ ಮೈಯೇ ಓರೆಕೋರೆಯಾದ ಮೇಲೆ ಕನ್ನಡಕಕ್ಕೆ ಅದು ಬಗ್ಗುವುದಿಲ್ಲ. ನಂಬರು ಬದಲಾಗುತ್ತಲೇ ಹೋಗುತ್ತದೆ, ಹುಡುಗ ಹಿಂದಿನ ಬೆಂಚಿಗೆ ಸರಿಯುತ್ತಾ ಹೋಗುತ್ತಾನೆ, ಮನೆಯವರು ಅವನಿಗೆ ವಿದ್ಯೆ ಹತ್ತುವುದಿಲ್ಲ ಎಂದು ತೀರ್ಮಾನಿಸುತ್ತಾರೆ.

ಇಲ್ಲಿ ಬೇಕಾದವರು ತಾವೇ, ಸ್ವಾಮಿ. ಮೆತ್ತಗಿನ ಲೆನ್ಸ್ ಓರೆಯಾದ ಕಾರ್ನಿಯಾದ ಮೇಲೆ ತಾನೂ ಓರೆಯಾಗಿ ಕೂರುತ್ತದೆ. ಗಾಳಿ ಆಡಗೊಡುವ ಗಟ್ಟಿ ಲೆನ್ಸ್, ಆರ್‌ಜಿಪಿ, ತನ್ನ ಆಕಾರ ಬಿಡುವುದಿಲ್ಲ. ನಡುವಿನ ತಗ್ಗುದಿಣ್ಣೆಯನ್ನು ಕಣ್ಣೀರು ತುಂಬಿ ಸಮಮಾಡುತ್ತದೆ. ರೋಗ ತೀರಾ ಬಲಿತವರಿಗೆ ಕಣ್ಣಿನ ಬಿಳಿ ಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸ್ ಇದೆ. ತಾವು ಹುಟ್ಟಿದ್ದೇ ಇಂಥ ಕಣ್ಣುಗಳಿಗಾಗಿ ಎಂದು ನೆನಪಿಸುವ ಧೈರ್ಯ ಮಾಡಲೇ? 1888ರಲ್ಲಿ ಜ್ಯೂರಿಕ್‌ನ ಅಡಾಲ್ಫ್ ಫಿಕ್ ಗಾಜಿನ ಚಿಪ್ಪು ಮಾಡಿ, ಮೊದಲು ಮೊಲದ ಕಣ್ಣಿಗೆ, ಆಮೇಲೆ ತನ್ನದೇ ಕಣ್ಣಿಗೆ ಹಾಕಿ ನೋಡಿದ. ಅದೇ ವರ್ಷ ಪ್ಯಾರಿಸ್‌ನಲ್ಲಿ ಯೂಜೀನ್ ಕಾಲ್ಟ್ ತಮ್ಮನ್ನು ಕೆರಟೋಕೋನಸ್ ರೋಗಿಗಳಿಗೇ ತೊಡಿಸಿದ. ಬಣ್ಣದ ಚಾಕರಿ ಆಮೇಲೆ ಬಂದದ್ದು.

ತಮ್ಮ ಮೆತ್ತಗಿನ ಜನ್ಮದ ಕಥೆ ನನಗೆ ಬಹಳ ಪ್ರಿಯವಾದದ್ದು, ಮಕ್ಕಳಿಗೆ ಹೇಳುತ್ತಿರುತ್ತೇನೆ. ಜೆಕೊಸ್ಲೊವಾಕಿಯಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲೀಮ್ ನೀರು ಹೀರಿ ಮೆತ್ತಗಾಗುವ ಹೈಡ್ರೊಜೆಲ್ ಕಂಡುಹಿಡಿದರು. ಸರ್ಕಾರ ವಿಖ್ಟರ್ಲೆಯನ್ನು ಆತ ಕೆಲಸ ಮಾಡುತ್ತಿದ್ದ ಸಂಸ್ಥೆಯಿಂದ ಹೊರಗೆ ಹಾಕಿತು. ಲೆನ್ಸ್ ಕೆಲಸ ಲಾಭವಿಲ್ಲದ್ದೆಂದು ನಿಲ್ಲಿಸಲಾಯಿತು. 1961ರ ಕ್ರಿಸ್ಮಸ್ ವೇಳೆಗೆ ಆತ ಮನೆಯಲ್ಲೇ ಮಕ್ಕಳ ಮೆರ್ಕುರ್ ಆಟಿಕೆಯ ತುಂಡುಗಳನ್ನು ಜೋಡಿಸಿ, ಸೈಕಲ್ಲಿನ ಡೈನಮೊ ಕಟ್ಟಿ, ತಿರುಗುವ ಅಚ್ಚಿನಲ್ಲಿ ದ್ರವ ಹೊಯ್ದು ಲೆನ್ಸ್ ಎರಕ ಮಾಡಿಯೇ ಬಿಟ್ಟ. ಹೆಂಡತಿ ಲಿಂಡಾ ಕೈಜೋಡಿಸಿದಳು. ಹಕ್ಕು ಅಮೆರಿಕಕ್ಕೆ ಮಾರಾಟವಾಗಿ 1971ರಲ್ಲಿ ಅಲ್ಲಿ ಮಂಜೂರಾತಿ ಸಿಕ್ಕಿತು. ಕಂಡುಹಿಡಿದವನ ಕೈಗೆ ಬಂದದ್ದು ಅತ್ಯಲ್ಪ. ಮನೆಯ ಮೇಜಿನ ಮೇಲೆ, ಆಟಿಕೆಯ ಯಂತ್ರದಲ್ಲಿ ಹುಟ್ಟಿದ ತಮಗೆ ಹಳ್ಳಿಯ ಬಡ ಹುಡುಗರ ಮನೆ ಯಾಕೆ ದೂರವಾಯಿತೋ, ತಿಳಿಯಲಿಲ್ಲ.

ತಮ್ಮ ದಾಯಾದಿಯವರ ಹೆಸರೆತ್ತಿದರೆ ಕೋಪಿಸಿಕೊಳ್ಳಬಾರದು. 1948ರಲ್ಲಿ ಅಮೆರಿಕದ ಕೆವಿನ್ ಟುವೊಹಿ ಪಿಎಂಎಂಎ ಪ್ಲಾಸ್ಟಿಕ್ಕಿನಿಂದ ಕಾರ್ನಿಯಾದಷ್ಟೇ ಅಗಲದ ತಮ್ಮ ರೂಪವನ್ನು ಕಟೆದ. ಮರುವರ್ಷವೇ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಅದೇ ಪ್ಲಾಸ್ಟಿಕ್ಕಿನ ಲೆನ್ಸನ್ನು ಕಣ್ಣಿನ ಒಳಗೇ ಇಟ್ಟ. ಒಂದೇ ವಂಶ, ಒಂದೇ ಪದಾರ್ಥ. ನೇತ್ರವೈದ್ಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ಮಾಡುತ್ತಿದ್ದ ಕಾಲದಲ್ಲಿ ಪೊರೆ ತೆಗೆಸಿಕೊಂಡವರು ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಳ್ಳುತ್ತಿದ್ದರು. 1992ರಲ್ಲಿ ಮದುರೈನ ಆರೊಲ್ಯಾಬ್ ಆ ಒಳಗಿನ ಲೆನ್ಸನ್ನು ಅಗ್ಗವಾಗಿ ತಯಾರಿಸತೊಡಗಿತು. ಇವತ್ತು ಶಿಬಿರದ ವ್ಯಾನು ಹತ್ತಿ ಹೋದ ಹಡಗಲಿಯ ಅಜ್ಜಿ ಅದನ್ನು ಪುಕ್ಕಟೆ ಹಾಕಿಸಿಕೊಂಡು ಬಂದು ಮಲ್ಲಿಗೆ ಮೊಗ್ಗು ಬಿಡಿಸುತ್ತಾಳೆ. ಅಜ್ಜಿಯ ತನಕ ದಾಯಾದಿಯವರು ಬಂದರು. ಮೊಮ್ಮಗನ ತನಕ ತಾವು ಬರಲಿಲ್ಲ.

ಎಲ್ಲರಿಗೂ ತಾವು ಬೇಕೆಂದು ನಾನು ಕೇಳುತ್ತಿಲ್ಲ. ಮೆಕ್ಕೆಜೋಳ ರಾಶಿ ಮಾಡುವವನಿಗೆ, ಮೈಲಾರದ ಜಾತ್ರೆಯಲ್ಲಿ ಭಂಡಾರದ ನಡುವೆ ನಿಲ್ಲುವವನಿಗೆ ತಾವು ಬೇಡ. ಕಾರ್ನಿಯಾ ಉಬ್ಬಿದ ಆ ನನ್ನ ತರಗತಿಯ ಹುಡುಗರಂಥವರಿಗೆ ಮಾತ್ರ ಬೇಕು. ಅದಕ್ಕೂ ಮುಂಚೆ ಅವರ ಅಲರ್ಜಿಗೆ ಸರಿಯಾದ ಔಷಧಿ, ಕಾರ್ನಿಯಾ ಇನ್ನೂ ಉಬ್ಬದಂತೆ ತಡೆಯುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಬೇಕು. ಈಗ ಅವರ ಅಪ್ಪಂದಿರು ಕೂಲಿ ಬಿಟ್ಟು ದಾವಣಗೆರೆಗೋ ಬೆಂಗಳೂರಿಗೋ ಅಲೆಯುತ್ತಾರೆ. ಗಟ್ಟಿ ಲೆನ್ಸ್ ಒಂದೇ ಭೇಟಿಗೆ ಕೂರುವುದಿಲ್ಲ, ಎರಡನೆಯ ಸಲಕ್ಕೆ ಬಸ್‌ಚಾರ್ಜು ಹೊಂದುವುದಿಲ್ಲ.

ಆದ್ದರಿಂದ ವಿನಮ್ರ ಬಿನ್ನಹ. ನಮ್ಮ ಸೀಮೆಯ ಐದು ತಾಲ್ಲೂಕುಗಳ ಆಸ್ಪತ್ರೆಗಳಿಗೆ ಸರದಿಯ ಮೇಲೆ ತಿಂಗಳಿಗೊಂದು ದಿನ, ಕಾರ್ನಿಯಾದ ನಕಾಶೆ ತೆಗೆಯುವ ಯಂತ್ರ, ಒಂದು ಟ್ರಯಲ್ ಸೆಟ್ಟು, ಲೆನ್ಸ್ ಕೂರಿಸಬಲ್ಲ ಒಬ್ಬ ಆಪ್ಟೊಮೆಟ್ರಿಸ್ಟರೊಂದಿಗೆ ದಯಮಾಡಿಸಬೇಕು. ಕನ್ನಡಕದ ಹಾಗೆ ತಮ್ಮ ಖರ್ಚನ್ನೂ ಸರ್ಕಾರವೇ ಹೊರಬೇಕೆಂದು ಬೇರೆ ಅರ್ಜಿ ಬರೆಯುತ್ತಿದ್ದೇನೆ. ಹೊಸಪೇಟೆ–ಹರಿಹರ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರಲ್ಲೂ ನಿಲ್ಲುತ್ತದೆ. ಕೂಡ್ಲಿಗಿ, ಹಡಗಲಿಗೆ ಬಸ್ಸಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಬಂದರೆ ಉಪಕಾರ.

ಇಂತಿ ತಮ್ಮ ವಿಧೇಯ,
ಕೊಟ್ಟೂರಿನ ಒಬ್ಬ ಮೇಷ್ಟ್ರು