ಫೈಲು ತಳ್ಳಿದವನ ಪಾಡು

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಗೇಟು ಒಂದು ಕಡೆಗೆ ಜೋತುಬಿತ್ತು. ಅದರ ಅಗುಳಿ ತೂತಿಗೆ ಹೋಗುವ ಬದಲು ಕೆಳಗಿನ ಪಟ್ಟಿಗೆ ಹಣೆ ಚಚ್ಚಿಕೊಳ್ಳತೊಡಗಿತು. ವೆಲ್ಡಿಂಗಿನವನಿಗೆ ಫೋನು ಮಾಡಿದೆ. 'ನಾಳೆ ಬರ್ತೀನಿ ಸಾರ್' ಅಂದ. ಆ ನಾಳೆಗೆ ಮೂರು ವಾರ ತುಂಬಿತು. ಹಿಂದೆ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದರು. ಈತ ಸೀಮೆಸುಣ್ಣದ ಖರ್ಚೂ ಇಲ್ಲದೆ ನನ್ನನ್ನು ಸಾಗಹಾಕುತ್ತಿದ್ದ.

'ಇಷ್ಟಕ್ಕೆ ಅವನ ಕಾಲು ಹಿಡೀಬೇಕಾ? ತೂತನ್ನ ಒಂಚೂರು ಕೆಳಕ್ಕೆ ಉಜ್ಜಿದರಾಯ್ತು. ಒಂದು ಫೈಲು ತರ್ತೀನಿ' ಅಂದೆ.

'ಆಫೀಸಲ್ಲಿ 32 ವರ್ಷ ಫೈಲು ತಳ್ಳಿದ್ದು ಸಾಲದಾ ರೀ?' ಅಂದಳು ನನ್ನವಳು. ಅದನ್ನು ಅನುಭವಕ್ಕೆ ಸಿಕ್ಕ ಮನ್ನಣೆ ಎಂದುಕೊಂಡು ಎಸ್.ಜೆ.ಪಿ. ರಸ್ತೆಗೆ ಹೊರಟೆ.

ಅಂಗಡಿಯವನಿಗೆ 'ಒಂದು ಫೈಲು ಕೊಡಿ' ಅಂದೆ. ಆತ ತಲೆಯೆತ್ತದೆ ಕೇಳಿದ: 'ಬಾಸ್ಟರ್ಡಾ?'

'ನಾಲಿಗೆ ಬಿಗಿಹಿಡಿದು ಮಾತಾಡಿ. ನಾನು ರಿಟೈರ್ಡ್ ಸೂಪರಿಂಟೆಂಡೆಂಟು.'

'ಅಯ್ಯೋ, ನಿಮಗಲ್ಲ ಸಾರ್, ಫೈಲಿಗೆ!' ಎಂದು ಆತ ಮೂರು ಅರಗಳನ್ನು ಮುಂದಿಟ್ಟ. ಒರಟು ಹಲ್ಲಿನದು ಬಾಸ್ಟರ್ಡು, ಅದಕ್ಕಿಂತ ನಯದ್ದು ಸೆಕೆಂಡ್ ಕಟ್, ಇನ್ನೂ ನಯದ್ದು ಸ್ಮೂತ್. ಈ ವಿಂಗಡಣೆ ನಮ್ಮ ಆಫೀಸಿನಲ್ಲೂ ಇತ್ತು. ಆದರೆ ಅಲ್ಲಿ ಅದು ಫೈಲುಗಳಿಗಲ್ಲ, ಅವಕ್ಕೆ ಸಹಿ ಹಾಕುವವರಿಗೆ ಅನ್ವಯಿಸುತ್ತಿತ್ತು.

ಆಕಾರದಲ್ಲೂ ಚಪ್ಪಟೆ, ಗುಂಡು, ಅರೆಗುಂಡು, ಮುಕ್ಕೋನ ಎಂದು ಭೇದವಿತ್ತು. ಎಲ್ಲಕ್ಕಿಂತ ಗಂಭೀರವಾಗಿ ಕಂಡ 10 ಇಂಚಿನ ಚಪ್ಪಟೆಯನ್ನು ಆರಿಸಿದೆ. 'ಮರದ ಹಿಡಿ ಬೇರೆ ತಗೋಬೇಕು' ಅಂದ. ದುಡ್ಡು ಉಳಿಸಿದೆ. ಆ ಉಳಿತಾಯದ ಹುಮ್ಮಸ್ಸಿನಲ್ಲಿ ಒಂದು ಹ್ಯಾಕ್ಸಾ ಕೊಂಡೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಂಡಾಗಿದ್ದ ಬಾಲ್‌ಪೀನ್ ಸುತ್ತಿಗೆಯನ್ನೂ ಕೊಂಡೆ. ಆ ಗುಂಡು ಬದಿ ರಿವೆಟ್ಟಿನ ತಲೆ ಬಡಿಯುವುದಕ್ಕಂತೆ. ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ಅದು ಬಡಿದಿರುವುದು ಶುಂಠಿಯನ್ನು.

ಮನೆಗೆ ಬಂದು ನೋಡಿದರೆ ಅರ್ಧ ಇಂಚಿನ ತೂತಿಗೆ ಒಂದು ಇಂಚು ಅಗಲದ ಅರ! ಸೂಜಿಯ ಕಣ್ಣಿಗೆ ಒನಕೆ ತೂರಿಸಿದ ಹಾಗಾಯಿತು. ಹಾಗಾದರೆ ಪಟ್ಟಿಯನ್ನೇ ಕೊಯ್ದು ಕೆಳಗೆ ಕೂರಿಸೋಣ ಎಂದು ಹ್ಯಾಕ್ಸಾ ಹಿಡಿದೆ. ಅರ್ಧ ಗಂಟೆ ಕೊಯ್ದೆ. ಪಟ್ಟಿಯ ಬಣ್ಣ ಹೋಗಿ ಅದು ಫಳಫಳ ಹೊಳೆಯಿತು. ಆಗ ಕಾಲೇಜಿನಿಂದ ಬಂದಳು ಮೇಲ್ಮನೆ ಬಾಡಿಗೆಯವರ ಹುಡುಗಿ. ಐಟಿಐನಲ್ಲಿ ಎರಡು ವರ್ಷದ ಫಿಟ್ಟರ್ ಓದುತ್ತಿದ್ದಾಳೆ.

'ಅಂಕಲ್, ಬ್ಲೇಡು ಹಿಂದುಮುಂದಾಗಿದೆ. ಹಲ್ಲು ಮುಂದಕ್ಕೆ ನೋಡ್ಬೇಕು. ಮತ್ತೆ ಇದು ಇಂಚಿಗೆ 14 ಹಲ್ಲಿಂದು, ದಪ್ಪ ಕಬ್ಬಿಣಕ್ಕೆ. ತೆಳು ಪಟ್ಟಿಗೆ 32 ಹಲ್ಲು ಬೇಕು.'

32 ಹಲ್ಲು ನನಗೇ ಇಲ್ಲ, ಬ್ಲೇಡಿಗೆ ಎಲ್ಲಿಂದ ತರಲಿ! ಬ್ಲೇಡನ್ನು ತಿರುಗಿಸಿ ಹಾಕಿ, ಆಕೆ ಮರೆಯಾದ ಮೇಲೆ ಮೈಭಾರವೆಲ್ಲ ಬಿಟ್ಟು ಓರೆಯಾಗಿ ಒತ್ತಿದೆ. 'ಟಿಣ್' ಎಂದು ಬ್ಲೇಡು ಎರಡಾಯಿತು.

ಹೊಸ ತೂತನ್ನೇ ಕೊರೆಯೋಣ ಎಂದು ಮರುದಿನ ಮೈದುನನ ಡ್ರಿಲ್ಲು ತಂದೆ. ಕೊರೆಯುವ ಜಾಗಕ್ಕೆ ಮೊದಲು ಸೆಂಟರ್ ಪಂಚಿಟ್ಟು ಸುತ್ತಿಗೆಯಿಂದ ಒಂದು ಗುಳಿ ಹೊಡೆಯಬೇಕಂತೆ. ಅದು ನನಗೆ ಗೊತ್ತಾಗುವಷ್ಟರಲ್ಲಿ ಡ್ರಿಲ್ಲಿನ ಮೊನೆ ಪಟ್ಟಿಯ ಮೇಲೆ ಜಾರಿ, ಗೇಟಿನ ಬಣ್ಣದಲ್ಲಿ ಒಂದು ಸೊಟ್ಟ ರಂಗೋಲಿ ಬರೆದಿತ್ತು.

ಮೂರನೆಯ ದಿನ ಗುಂಡು ಅರ ತಂದು ಉಜ್ಜಿದೆ. ಹಿಂದಕ್ಕೂ ಮುಂದಕ್ಕೂ, ಎಡಕ್ಕೂ ಬಲಕ್ಕೂ ಉಜ್ಜಿದೆ. ಹಿಡಿಯಿಲ್ಲದ ಅರದ ಚೂಪು ಬಾಲ ಅಂಗೈಗೆ ನೆಟ್ಟಿತು. ಟಿಟಿ ಸೂಜಿ ಚುಚ್ಚಿಸಿಕೊಂಡು, ಬಟ್ಟೆ ಸುತ್ತಿ ಮತ್ತೆ ಉಜ್ಜಿದೆ.

'ಅಂಕಲ್, ಅರ ಮುಂದಕ್ಕೆ ತಳ್ಳಿದಾಗ ಮಾತ್ರ ಕತ್ತರಿಸುತ್ತೆ. ಹಿಂದಕ್ಕೆ ತರುವಾಗ ಭಾರ ಬಿಡಬೇಕು, ಇಲ್ಲಾಂದ್ರೆ ಹಲ್ಲು ಸವೆಯುತ್ತೆ' ಅಂದಳು ಹುಡುಗಿ.

ನಾನು ಬೆಪ್ಪಾದೆ. 32 ವರ್ಷ ಒಂದೇ ಫೈಲನ್ನು ಹಿಂದಕ್ಕೂ ಮುಂದಕ್ಕೂ ಓಡಾಡಿಸಿ ಸಂಬಳ ತಿಂದವನು ನಾನು. ಫೈಲು ಮುಂದಕ್ಕೆ ಹೋದರಷ್ಟೇ ಕೆಲಸ ಆಗುತ್ತದೆ ಎಂದು ಯಾವ ಸುತ್ತೋಲೆಯಲ್ಲೂ ಬಂದಿರಲಿಲ್ಲ.

ಆಕೆ ಚೀಲದಿಂದ ವರ್ನಿಯರ್ ಕ್ಯಾಲಿಪರ್ ತೆಗೆದಳು. 'ಗೇಟು ಎಷ್ಟು ಇಳಿದಿದೆ ಅಂಕಲ್?'

'ಒಂದು ಬೆರಳಿರಬಹುದು.'

'2.84 ಮಿಲಿಮೀಟರ್' ಅಂದಳು. ಆಮೇಲೆ ಗೇಟಿನ ಕೀಲನ್ನು ನೋಡಿದಳು. 'ಇದು ಸವೆದಿದೆ. ಅಗುಳಿ ಕಡೆ ಏನೂ ತಪ್ಪಿರಲಿಲ್ಲ.' ಇಬ್ಬರೂ ಗೇಟನ್ನು ಎತ್ತಿದೆವು. ಆಕೆ ಕೀಲಿನ ಗೂಟಕ್ಕೆ ಒಂದು ದಪ್ಪ ವಾಷರ್ ತೊಡಿಸಿದಳು. ಗೇಟು ಎದ್ದು ನಿಂತಿತು, ಅಗುಳಿ ಹಳೆಯ ಜಾಗಕ್ಕೇ ನೇರ ಹೋಯಿತು. ಎರಡು ನಿಮಿಷದ ಕೆಲಸ.

ಆದರೆ ಆ ಹಳೆಯ ಜಾಗ ಈಗ ಎಲ್ಲಿದೆ? ಮೂರು ದಿನದ ನನ್ನ ದುಡಿಮೆಯಿಂದ ತೂತಿನೊಳಗೆ ನಿಂಬೆಹಣ್ಣು ತೂರುತ್ತಿತ್ತು. ಅಗುಳಿ ಅದರೊಳಗೆ ಗಾಳಿ ಬೀಸಿದಾಗಲೆಲ್ಲ ಲೊಟಲೊಟ ಎನ್ನುತ್ತ ಬೀದಿನಾಯಿಗಳನ್ನೂ ಎಬ್ಬಿಸುತ್ತಿತ್ತು.

'ಇದನ್ನ ವೆಲ್ಡಿಂಗ್ ಮಾಡಿ ತುಂಬಿಸಬೇಕು ಅಂಕಲ್' ಅಂದಳು ಹುಡುಗಿ.

ವೆಲ್ಡಿಂಗಿನವನಿಗೆ ಫೋನು ಮಾಡಿದೆ. 'ನಾಳೆ ಬರ್ತೀನಿ ಸಾರ್' ಅಂದ. ರೇಗಿಹೋಯಿತು, ಬಾಯಿ ಬಿಟ್ಟೆ. ಅಷ್ಟರಲ್ಲಿ ದನಿ ಗುರುತು ಸಿಕ್ಕಿತು. ಅವನದಲ್ಲ, ಕೌಂಟರಿನ ಆಚೆ ಅರ್ಜಿ ಹಿಡಿದು ನಿಂತವರಿಗೆ 32 ವರ್ಷ ಅದೇ ಮಾತು ಹೇಳಿದ ನನ್ನದೇ ದನಿ.

'ಆಗಲಿ ಸಾರ್, ನಿಧಾನಕ್ಕೆ ಬನ್ನಿ' ಅಂದೆ.