ಬದಲಿ ರಾಯರು

ಬಡಾವಣೆ ಅಂದಮೇಲೆ ಒಂದು ಗಣಪತಿ ಗುಡಿ, ಒಂದು ಹಾಲಿನ ಬೂತು, ಒಬ್ಬರು ಬದಲಿ ರಾಯರು ಇರಲೇಬೇಕು. ಮೈಸೂರಿನ ನಮ್ಮ ಬಡಾವಣೆಗೂ ಈ ಮೂರರಲ್ಲಿ ಕೊರತೆಯಿಲ್ಲ. ನಮ್ಮ ರಾಯರು ಸರ್ಕಾರಿ ನೌಕರಿಯಲ್ಲಿದ್ದಷ್ಟು ದಿನ ಕ್ಯಾಂಟೀನಿನ ಬೋಂಡಾಕ್ಕೆ ಒಂದು ದಿನವೂ ಅನ್ಯಾಯ ಮಾಡಿದವರಲ್ಲ. ನಿವೃತ್ತಿಯ ಆದೇಶವೂ ಸಕ್ಕರೆ ಕಾಯಿಲೆಯ ರಿಪೋರ್ಟೂ ಒಂದೇ ತಿಂಗಳಲ್ಲಿ ಕೈಗೆ ಬಂದವು ನೋಡಿ, ಅಂದಿನಿಂದ ಶುರುವಾಯಿತು. ಅನ್ನಕ್ಕೆ ಬದಲಿ ನವಣೆ, ಸಕ್ಕರೆಗೆ ಬದಲಿ ಬೆಲ್ಲ, ಬೆಲ್ಲಕ್ಕೆ ಬದಲಿ ಖರ್ಜೂರ, ಕಾಫಿಗೆ ಬದಲಿ ಮೆಂತ್ಯದ ನೀರು. ಇಷ್ಟೆಲ್ಲ ಬದಲಾದರೂ ಪ್ಯಾಂಟಿನ ಅಳತೆ ಮಾತ್ರ ಹಳೆಯದೇ.

ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅವರ ಕೈಗೆ ಸಿಕ್ಕಿದಿರೋ, ನಿಮ್ಮ ವಾಕಿಂಗ್ ಅಲ್ಲಿಗೆ ಮುಗಿಯಿತು. ರಾಯರು ನಡೆಯುವಾಗ ಮಾತಾಡುವವರಲ್ಲ, ನಿಂತು ಮಾತಾಡುವವರು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಕೂಡದೆಂದು 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ನಿಷೇಧ ಹೊರಡಿಸಿದಾಗ, ಕಡತಕ್ಕೆ ತಾವೇ ಸಹಿ ಹಾಕಿ ಬಂದವರಂತೆ ಒಂದು ವಾರ ಏರಿಯ ಮೇಲೆ ಓಡಾಡಿದ್ದರು.

ಹೋದ ವರ್ಷ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳಿದ್ದು ಬಂದರು. ಹೋದವರೆಲ್ಲ ಚಾಕಲೇಟು ತರುತ್ತಾರೆ. ರಾಯರು ‘ಮ್ಯಾಶ್’ ತಂದರು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಆಲೂಗೆಡ್ಡೆ ಬೇಯಿಸಿ ನುರಿದು, ಬೆಣ್ಣೆ ಹಾಲು ಕಲಸಿ ಬಡಿಸುವುದು ಅಲ್ಲಿಯ ವಾಡಿಕೆ. ಪಿಷ್ಟಕ್ಕೆ ಹೆದರುವವರು ಆಲೂಗೆಡ್ಡೆಯನ್ನು ಎಬ್ಬಿಸಿ ಆ ಜಾಗದಲ್ಲಿ ಹೂಕೋಸನ್ನು ಕೂರಿಸುತ್ತಾರೆ. ಬದಲಿ ಅಂದರೆ ಪ್ರಾಣ ಬಿಡುವ ರಾಯರಿಗೆ ಇನ್ನೇನು ಬೇಕು?

ತಮಾಷೆಯೆಂದರೆ ರಾಯರು ಹಾಸನದ ಕಡೆಯವರು. ಮುಂಗಾರು ಬಿದ್ದರೆ ಊರಿಗೆ ಊರೇ ಆಲೂಗೆಡ್ಡೆ ಹಾಕುವ ಸೀಮೆ. ಅವರ ಕಾಲೇಜಿನ ಫೀಸು, ಅಕ್ಕನ ಮದುವೆ, ಮನೆಯ ಹೆಂಚು ಎಲ್ಲವೂ ಆ ಗೆಡ್ಡೆಯಿಂದಲೇ ಬಂದದ್ದು. ಆದರೂ ಈಗ ಆಲೂಗೆಡ್ಡೆ ಹೆಸರೆತ್ತಿದರೆ, ಹಳೇ ಸಾಲಗಾರನನ್ನು ಕಂಡವರಂತೆ ಮುಖ ತಿರುಗಿಸುತ್ತಾರೆ.

“ಲೆಕ್ಕ ಕೇಳಿ ಸ್ವಾಮಿ. ಬೇಯಿಸಿದ ಆಲೂಗೆಡ್ಡೆ 100 ಗ್ರಾಮಿಗೆ ಸುಮಾರು 85 ಕ್ಯಾಲೊರಿ. ಹೂಕೋಸು? ಬರೀ 25! ನೂರಕ್ಕೆ ತೊಂಬತ್ತು ಭಾಗ ನೀರೇ!”

ಅಷ್ಟು ನೀರಿಗೆ ತರಕಾರಿ ಅಂಗಡಿಯಲ್ಲಿ ಅಷ್ಟು ದುಡ್ಡೇಕೆ ಎಂದು ಕೇಳೋಣವೆನ್ನಿಸಿತು. ಅಷ್ಟರಲ್ಲಿ, “ಭಾನುವಾರ ಮನೆಗೇ ಬಂದುಬಿಡಿ, ಕಣ್ಣಾರೆ ತೋರಿಸ್ತೀನಿ” ಎಂದು ಕೈ ಹಿಡಿದರು.

ಭಾನುವಾರ ಹೋದೆ. ಅಡುಗೆಮನೆಯ ಹೊಸಿಲ ಬಳಿ ರಾಯರ ಹೆಂಡತಿ, ನನ್ನ ಬಾಯಲ್ಲಿ ‘ಅಕ್ಕ’, ಅವರೆಕಾಳು ಹಿತುಕುತ್ತಾ ಕೂತಿದ್ದರು. ರಾಯರು ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ. ಹೂಕೋಸು ಬಿಡಿಸಿ, ಉಪ್ಪು ಅರಿಶಿನದ ಬಿಸಿನೀರಿಗೆ ಹಾಕಿ ಹುಳು ಪರೀಕ್ಷೆ ಆಗಿತ್ತು. ಹಿಂದಿನ ವಾರ ಕೊಳಗದ ತುಂಬ ನೀರಿಟ್ಟು ಬೇಯಿಸಿ, ಮ್ಯಾಶ್ ಹೋಗಿ ಗಂಜಿಯಾಗಿತ್ತಂತೆ. ಹಾಗಾಗಿ ಈ ಸಲ ಇಡ್ಲಿ ಪಾತ್ರೆ. ಆವಿಯಲ್ಲಿ ಕಾಲು ಗಂಟೆ. ಚಾಕು ಚುಚ್ಚಿದರೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಆಮೇಲೆ ಬಿಸಿ ಬಾಣಲೆಗೆ ಹಾಕಿ ನೀರಿನ ಪಸೆ ಆರುವವರೆಗೆ ಕೈಯಾಡಿಸಿದರು.

“ಆಲೂಗೆಡ್ಡೆಯನ್ನ ಮಿಕ್ಸಿಗೆ ಹಾಕಿದ್ರೆ ಪಿಷ್ಟ ಬಿಟ್ಕೊಂಡು ಅಂಟಾಗುತ್ತೆ, ಪೋಸ್ಟರ್ ಹಚ್ಚಬಹುದು. ಹೂಕೋಸಲ್ಲಿ ಪಿಷ್ಟ ಎಲ್ಲಿದೆ? ಎಷ್ಟು ತಿರುವಿದ್ರೂ ನುಣ್ಣಗೇ ಬರುತ್ತೆ” ಎಂದು ಗುಂಡಿ ಒತ್ತಿದರು. ನಿಜ ಹೇಳಬೇಕು, ಬಂತು. ಬೆಳ್ಳಗೆ, ಮೆತ್ತಗೆ, ಮಗುವಿಗೆ ತಿನ್ನಿಸುವ ಹಾಗೆ.

ಅಲ್ಲಿಗೇ ನಿಂತಿದ್ದರೆ ರಾಯರು ಗೆದ್ದಿದ್ದರು. ರುಚಿ ನೋಡಿದರು. ಮುಖ ಸಪ್ಪಗಾಯಿತು. “ಅಲ್ಲಿ ಕ್ರೀಮ್ ಹಾಕ್ತಾರೆ. ನಮ್ಮಲ್ಲಿ ಬದಲಿ, ಕೆನೆ” ಎಂದು ಫ್ರಿಜ್ಜಿನ ಬಟ್ಟಲು ಬಗ್ಗಿಸಿದರು. ಬೆಳ್ಳುಳ್ಳಿ ಆ ಮನೆಯ ಹೊಸಿಲು ದಾಟುವಂತಿಲ್ಲ. ಅದಕ್ಕೆ ಬದಲಿ ಇಂಗು. ಕೊನೆಗೆ, “ರುಚಿಗೆ ಸ್ವಲ್ಪ” ಎನ್ನುತ್ತಾ ಬೆಣ್ಣೆಯ ಅರ್ಧ ಗಟ್ಟಿಯನ್ನು ಜಾರಿಸಿದರು. 100 ಗ್ರಾಮಿನ ಗಟ್ಟಿ ಅದು. ನಾನು ಮನಸ್ಸಿನಲ್ಲೇ ಕೂಡಿದೆ: ಕಾಂಡ ಎಲೆ ಕಳೆದು ಉಳಿದ 600 ಗ್ರಾಂ ಹೂಕೋಸಿನದು ಒಟ್ಟು 150 ಕ್ಯಾಲೊರಿ. ಅದರ ಮೇಲೆ ಸವಾರಿ ಮಾಡುತ್ತಿರುವ 50 ಗ್ರಾಂ ಬೆಣ್ಣೆಯದು 360. ಕೆನೆಯ ಲೆಕ್ಕ ಚಿತ್ರಗುಪ್ತನಿಗೆ ಬಿಟ್ಟೆ.

ಊಟಕ್ಕೆ ಕೂತೆವು. ವೈದ್ಯರು ಹೇಳಿದ್ದು ಎರಡು ಚಪಾತಿ. ರಾಯರು ನಾಲ್ಕನೆಯದಕ್ಕೆ ಕೈ ಚಾಚಿದರು.

“ರೀ, ಎರಡು ಅಂದಿದ್ರಲ್ಲ ಡಾಕ್ಟ್ರು?”

“ನೆಂಚಿಕೊಳ್ಳೋದು ಹಗುರ ಇದೆ ಕಣೇ. ಸರಿದೂಗುತ್ತೆ.”

ನಾನು ಎರಡು ತುತ್ತಿಗೆ ಸಾಕು ಮಾಡಿ ಹಿತಕಬೇಳೆ ಸಾರಿನ ಕಡೆ ವಾಲಿದೆ. ಮಿಕ್ಸಿ ಜಾರಿನಲ್ಲಿ ಮುಕ್ಕಾಲು ಭಾಗ ಹಾಗೇ ಉಳಿದಿತ್ತು. ಅಕ್ಕ ಮಾತಿಲ್ಲದೆ ಎದ್ದರು. ಉಳಿದದ್ದಕ್ಕೆ ಎರಡು ಸೌಟು ಗಟ್ಟಿ ಮೊಸರು, ಉಪ್ಪು, ಕೊತ್ತಂಬರಿ. ಮೇಲೆ ಒಂದೇ ಚಮಚ ಎಣ್ಣೆಯಲ್ಲಿ ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ. ಚುಂಯ್ ಎಂದ ಸದ್ದಿಗೇ ನನ್ನ ತಟ್ಟೆ ಮುಂದೆ ಸರಿಯಿತು. ಐದು ನಿಮಿಷದಲ್ಲಿ ಜಾರು ಖಾಲಿ.

“ಇದಕ್ಕೇನಂತಾರೆ ಅಕ್ಕ, ಅಮೆರಿಕದಲ್ಲಿ?” ಎಂದೆ.

“ಅಲ್ಲೇನಂತಾರೋ ಕಾಣೆ. ನಮ್ಮತ್ತೆ ಬದನೆಕಾಯಿ ಸುಟ್ಟು ಮಾಡ್ತಿದ್ರು. ಮೊಸರುಬಜ್ಜಿ ಅಂತಿದ್ರು.”

ರಾಯರು ಬೆರಳು ಚೀಪುತ್ತಾ ತಲೆಯೆತ್ತಿದರು. “ಬೆಣ್ಣೆಗೆ ಬದಲಿ ಮೊಸರು! ನಾನೇ ಹೇಳೋಣ ಅಂತಿದ್ದೆ.”

ಮಾರನೆಯ ಬೆಳಿಗ್ಗೆ ಏರಿಯ ಮೇಲೆ ನಾಲ್ಕು ಜನರನ್ನು ನಿಲ್ಲಿಸಿಕೊಂಡು ‘ಇಂಡಿಯನ್ ಸ್ಟೈಲ್ ಮ್ಯಾಶ್’ ಬಗ್ಗೆ ಉಪದೇಶ ನಡೆದಿತ್ತು. ನಾನು ಇನ್ನೊಂದು ದಿಕ್ಕಿನಿಂದ ಸುತ್ತು ಹಾಕಿದೆ.

ಇದರಲ್ಲಿ ಹೂಕೋಸಿನ ತಪ್ಪು ಎಳ್ಳಷ್ಟೂ ಇಲ್ಲ. ಅದು ಹಗುರವಾಗಿಯೇ ರಾಯರ ಮನೆಗೆ ಬಂದಿತ್ತು. ನೀವೂ ಮಾಡಿ ನೋಡಿ: ಆವಿಯಲ್ಲಿ ಬೇಯಿಸಿ, ನೀರು ಆರಿಸಿ, ನುಣ್ಣಗೆ ತಿರುವಿ, ಒಂದೇ ಚಮಚ ಬೆಣ್ಣೆ ಹಾಕಿ. ಮಿಕ್ಕ ಬೆಣ್ಣೆಯನ್ನು ಮಾತ್ರ ನಿಮ್ಮ ಮನೆಯ ರಾಯರ ಕೈಗೆ ಎಟುಕದ ಕಡೆ ಇಡಿ.